ನಿತ್ಯದ ಓದು, ನಿತ್ಯದ ಧೈರ್ಯ: ಕನ್ನಡ ಕ್ರೈಸ್ತರ ಬಾಳಿನಲ್ಲಿ ಸತ್ಯವೇದ ಮತ್ತು ಪ್ರಾರ್ಥನೆ

ಸೊರಬ ತಾಲ್ಲೂಕಿನ ಆನವಟ್ಟಿ, ಅದರ ನೆರೆಯ ಕುಬಟೂರು, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಮತ್ತು ಉಡುತಡಿ, ಇವೆಲ್ಲ ಮಲೆನಾಡು ಬಯಲುಸೀಮೆಯನ್ನು ಸಂಧಿಸುವ ಅಂಚಿನ ಊರುಗಳಾಗಿದ್ದು, ಭಕ್ತಿಯ ಮಾತನ್ನು ಕನ್ನಡದಲ್ಲೇ ಕೇಳಿ ಬೆಳೆದ ನೆಲವೆಂದು ನಾಡಿಗೆಲ್ಲ ಪರಿಚಿತವಾಗಿವೆ. ಅಲ್ಲಮಪ್ರಭುವಿಗೂ ಅಕ್ಕಮಹಾದೇವಿಗೂ ಜನ್ಮ ಕೊಟ್ಟ ಸೀಮೆಯೆಂದು ಹೆಸರಾದ ಇಲ್ಲಿ ಬೆಳಗಿನ ವಚನ ಪಾರಾಯಣ, ಸಂಜೆಯ ಭಜನೆ, ಮಸೀದಿಯ ಕುರಾನ್ ಪಠಣಗಳು ದಿನಚರಿಯ ಭಾಗವಾಗಿಯೇ ನಡೆದುಬಂದಿವೆ. ಇದೇ ಸೀಮೆಯಲ್ಲಿ ಸಂಖ್ಯೆಯಲ್ಲಿ ಕಡಿಮೆಯಿರುವ ಕ್ರೈಸ್ತ ಕುಟುಂಬಗಳೂ ತಮ್ಮದೇ ಆದ ನಿತ್ಯಪಠಣದ ಪದ್ಧತಿಯೊಂದನ್ನು ಪಾಲಿಸುತ್ತವೆ. ನೆರೆಹೊರೆಯವರು ಕ್ರಿಸ್‌ಮಸ್ ನಕ್ಷತ್ರವನ್ನೂ ಭಾನುವಾರದ ಆರಾಧನೆಯನ್ನೂ ಬಲ್ಲರಾದರೂ, ವರ್ಷದ ಉಳಿದ ದಿನಗಳಲ್ಲಿ ಆ ಮನೆಗಳೊಳಗೆ ನಡೆಯುವ ಓದು ಮತ್ತು ಪ್ರಾರ್ಥನೆಯ ಕ್ರಮ ಅಷ್ಟಾಗಿ ತಿಳಿದಿರುವುದಿಲ್ಲ.

ಕಷ್ಟದ ದಿನಗಳಲ್ಲಿ ಕ್ರೈಸ್ತ ವಿಶ್ವಾಸಿಗೆ ಧೈರ್ಯ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ, ಮನಸ್ಸಿಗೆ ಹಿತವಾದ ಒಂದು ವಾಕ್ಯವನ್ನು ಆರಿಸಿ ಗೋಡೆಗೆ ತೂಗುಹಾಕುವುದರಿಂದ ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಆದರೆ ಆ ಪರಂಪರೆಯ ಒಳಹೊಕ್ಕು ನೋಡಿದಾಗ ಕಾಣುವ ಉತ್ತರ ಇದಕ್ಕಿಂತ ಆಳವಾದುದು: ದಿನವೂ ಸ್ವಲ್ಪ ಸ್ವಲ್ಪವಾಗಿ, ದುಃಖದ ಪುಟಗಳನ್ನೂ ದಾಟಿಹೋಗದೆ, ಇತರರ ಜೊತೆಗೂಡಿ ಓದುವ ಮತ್ತು ಓದಿದ್ದನ್ನು ಪ್ರಾರ್ಥನೆಯಾಗಿಸುವ ಅಭ್ಯಾಸದಿಂದ ಮಾತ್ರ ಆ ಧೈರ್ಯ ಮೈಗೂಡುತ್ತದೆ.

ಗ್ರಂಥವು ಕನ್ನಡಕ್ಕೆ ಬಂದ ಬಗೆ

ಬೈಬಲ್ ಎಂಬುದು ಒಂದೇ ಪುಸ್ತಕದಂತೆ ಕಂಡರೂ ವಾಸ್ತವವಾಗಿ ಹಲವು ಶತಮಾನಗಳಲ್ಲಿ ರಚಿತವಾದ ಅನೇಕ ಪುಸ್ತಕಗಳ ಸಂಗ್ರಹವಾಗಿದ್ದು, ಪ್ರೊಟೆಸ್ಟೆಂಟ್ ಸಭೆಗಳು ಅದರಲ್ಲಿ 66 ಪುಸ್ತಕಗಳನ್ನೂ ಕ್ಯಾಥೊಲಿಕ್ ಧರ್ಮಸಭೆ 73 ಪುಸ್ತಕಗಳನ್ನೂ ಪವಿತ್ರವೆಂದು ಮಾನ್ಯಮಾಡುತ್ತವೆ. ಕನ್ನಡದ ಪ್ರೊಟೆಸ್ಟೆಂಟರು ಇದನ್ನು ಬಹಳ ಕಾಲದಿಂದ 'ಸತ್ಯವೇದ' ಎಂದು ಕರೆಯುತ್ತ ಬಂದಿದ್ದಾರೆ. ಯೇಸುವಿಗೆ ಮುಂಚಿನ ಯೆಹೂದ್ಯ ಧರ್ಮಗ್ರಂಥಗಳು 'ಹಳೆಯ ಒಡಂಬಡಿಕೆ' ಎಂದೂ, ಯೇಸುವಿನ ಜೀವನ, ಬೋಧನೆ ಮತ್ತು ಆದಿಸಭೆಯ ಪತ್ರಗಳು ಸೇರಿದ ಭಾಗ 'ಹೊಸ ಒಡಂಬಡಿಕೆ' ಎಂದೂ ಕರೆಯಲ್ಪಡುತ್ತವೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಪ್ರೊಟೆಸ್ಟೆಂಟರಲ್ಲಿ 'ಸುವಾರ್ತೆ' ಎಂಬ ಹೆಸರೂ ಕ್ಯಾಥೊಲಿಕರಲ್ಲಿ 'ಶುಭಸಂದೇಶ' ಎಂಬ ಹೆಸರೂ ರೂಢಿಯಲ್ಲಿವೆ.

ಮನೆಯವರೆಲ್ಲ ಕೂತು ಓದಲು ಗ್ರಂಥವು ಮನೆಮಾತಿನಲ್ಲಿರಬೇಕಾಗುತ್ತದೆ. ಕನ್ನಡದಲ್ಲಿ ಅದು ಸಾಧ್ಯವಾಗಲು ಹಿಡಿದ ಶ್ರಮವೇ ಒಂದು ತಾಳ್ಮೆಯ ಪಾಠವಾಗಿದೆ. ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿಯ ಮೇಲ್ವಿಚಾರಣೆಯಲ್ಲಿ ಸಿದ್ಧವಾಗಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯು 1812ರ ಮಾರ್ಚ್ 11ರಂದು ಅಲ್ಲಿನ ಮುದ್ರಣಾಲಯಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಕೆಲಸವನ್ನು ಮೊದಲಿನಿಂದ ಮತ್ತೆ ಕೈಗೆತ್ತಿಕೊಂಡ ಆ ಬಳಗವು 1823ರಲ್ಲಿ ಅದನ್ನು ಅಚ್ಚುಮಾಡಿ ಹೊರತಂದಿತು. ಅತ್ತ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ತಮ್ಮ ಸಹೋದ್ಯೋಗಿ ವಿಲಿಯಂ ರೀವ್ ಮತ್ತು ಸ್ಥಳೀಯ ಕನ್ನಡ ಪಂಡಿತರ ನೆರವಿನಿಂದ ಬಳ್ಳಾರಿಯಲ್ಲೇ ಅನುವಾದ ನಡೆಸಿದ್ದು, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. ಅನಂತರ 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗ-ಬೆಟಗೇರಿಗಳಿಗೆ ಹಬ್ಬಿದ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಂತಾದವರು ಆ ಅನುವಾದದ ಪರಿಷ್ಕರಣೆಗೆ ತೊಡಗಿದರು.

ಈ ಪರಿಷ್ಕರಣೆಯಲ್ಲಿ ಭಾಗವಹಿಸಿದ ಇನ್ನೊಬ್ಬ ವಿದ್ವಾಂಸರ ಮನೆತನಕ್ಕೂ ಆನವಟ್ಟಿ ಸೀಮೆಗೂ ನೇರವಾದ ನಂಟಿದೆ. 1837ರಿಂದ 1887ರವರೆಗೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಸೇವೆಯಲ್ಲಿದ್ದ ಬೆಂಜಮಿನ್ ರೈಸ್ ಅವರ ಮಗನಾಗಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್, 'ಎಪಿಗ್ರಾಫಿಯ ಕರ್ನಾಟಿಕ'ದ 7ನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ (1902) 8ನೆಯ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ (1904) ಪ್ರಕಟಿಸಿದರು. ತಂದೆ ಸತ್ಯವೇದದ ಕನ್ನಡವನ್ನು ತಿದ್ದಿದರೆ ಮಗ ಈ ಸೀಮೆಯ ಕಲ್ಲುಗಳಲ್ಲಿದ್ದ ಕನ್ನಡವನ್ನು ಓದಿ ಉಳಿಸಿಕೊಟ್ಟರು. ಆ ಸಂಪುಟಗಳಲ್ಲಿ ಸೇರಿರುವ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವು, ವೇದಶಾಸ್ತ್ರಗಳ ಪಠಣ ನಡೆಯುತ್ತಿದ್ದ ಆ ಮಠದಲ್ಲೇ ಬಡವರಿಗೆ, ಅಂಗವಿಕಲರಿಗೆ, ಬೇರೆ ಬೇರೆ ಮತಗಳ ಸನ್ಯಾಸಿಗಳಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಪವಿತ್ರ ಗ್ರಂಥದ ಓದು ಮತ್ತು ನೊಂದವರ ಆರೈಕೆ ಒಂದೇ ಸೂರಿನಡಿ ಇರಬೇಕೆಂಬ ಅರಿವು ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ಕ್ಯಾಥೊಲಿಕರ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. ಅಲ್ಲಿಯವರೆಗೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಬಲಿಪೂಜೆ, ಅಂದರೆ ಯೇಸುವಿನ ಕೊನೆಯ ಭೋಜನವನ್ನೂ ಆತ್ಮಾರ್ಪಣೆಯನ್ನೂ ಸ್ಮರಿಸುವ ಮುಖ್ಯ ಆರಾಧನೆ, ಆ ಬಳಿಕ ಜನರ ಭಾಷೆಗಳಲ್ಲಿ ನಡೆಯತೊಡಗಿತು. ವಿಶ್ವಾಸಿಗಳೆಲ್ಲರೂ ಧರ್ಮಗ್ರಂಥವನ್ನು ಸ್ವತಃ ಓದಬೇಕೆಂಬ ಕರೆಯೂ ಆ ಸಭೆಯಿಂದ ಹೊರಟಿತು. 1988ರ ನವೆಂಬರ್ 14ರಂದು ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತ್ಯ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶ, ಇಂತಹ ಬದಲಾವಣೆಯ ನಂತರದ ಕಾಲದ್ದಾಗಿದ್ದು, ಕನ್ನಡದ ಓದು ಮತ್ತು ಕನ್ನಡದ ಪ್ರಾರ್ಥನೆ ಅಲ್ಲಿ ಮೊದಲಿನಿಂದಲೂ ಇವೆ.

ದಿನದ ಪಾಲು

ಪರಿಚಯವಿಲ್ಲದವರು ಬೈಬಲನ್ನು ಮೊದಲ ಪುಟದಿಂದ ಓದತೊಡಗಿ, ವಂಶಾವಳಿಗಳೂ ಯಾಜಕರ ವಿಧಿನಿಯಮಗಳೂ ಬಂದೊಡನೆ ದಣಿದು ಕೈಬಿಡುವುದುಂಟು. ಈ ತೊಡಕನ್ನು ಅರಿತ ಧರ್ಮಸಭೆಗಳು ಪ್ರತಿ ದಿನಕ್ಕೂ ಇಂತಿಷ್ಟು ಭಾಗವೆಂದು ಗೊತ್ತುಮಾಡಿವೆ. ಕ್ಯಾಥೊಲಿಕ್ ಕ್ರಮದಲ್ಲಿ ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಸುತ್ತುತ್ತವೆ. ಮುಖ್ಯವಾಗಿ ಒಂದು ವರ್ಷ ಮತ್ತಾಯನ, ಮರುವರ್ಷ ಮಾರ್ಕನ, ಮೂರನೆಯ ವರ್ಷ ಲೂಕನ ಶುಭಸಂದೇಶ ಓದಲ್ಪಡುತ್ತದೆ. ವಾರದ ಉಳಿದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷಗಳ ಚಕ್ರವಿದೆ. ಹೀಗೆ ಆನವಟ್ಟಿಯ ಒಂದು ಮನೆಯಲ್ಲಿ ಓದುವ ಭಾಗವೂ ಅದೇ ದಿನ ರೋಮಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕನ್ನಡಿಗ ಕ್ರೈಸ್ತರ ಕೋಣೆಗಳಲ್ಲಿ ಓದುವ ಭಾಗವೂ ಒಂದೇ ಆಗಿರುವುದರಿಂದ, ಒಂಟಿಯಾಗಿ ಓದುವವನಿಗೂ ಜೊತೆಗಾರರಿದ್ದಾರೆಂಬ ಭರವಸೆ ಮೂಡುತ್ತದೆ.

ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ, ಅದರಲ್ಲೂ ಬಾಸೆಲ್ ಮಿಷನ್ನಿನವರು ಹುಟ್ಟಿ ಬೆಳೆದ ಜರ್ಮನ್ ಭಕ್ತಿಪಂಥದಲ್ಲಿ ಮನೆಯ ಆರಾಧನೆಗೆ ದೇವಾಲಯದ ಆರಾಧನೆಯಷ್ಟೇ ಬೆಲೆಯಿತ್ತು. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯು ವರ್ಷದ ಪ್ರತಿ ದಿನಕ್ಕೂ ಹಳೆಯ ಒಡಂಬಡಿಕೆಯ ಒಂದು ವಾಕ್ಯವನ್ನು ಚೀಟಿ ಎತ್ತಿ ಆರಿಸಿ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಜೋಡಿಸಿ, 1731ರಿಂದ ಇಂದಿನವರೆಗೆ ಪುಸ್ತಕವಾಗಿ ಮುದ್ರಿಸುತ್ತಿದೆ. ಇದೇ ಬಗೆಯ ರೂಢಿಯೊಂದು ಕರ್ನಾಟಕದ ಅನೇಕ ಸಭೆಗಳಲ್ಲೂ ಕಾಣುತ್ತದೆ: ಡಿಸೆಂಬರ್ 31ರ ರಾತ್ರಿಯ ಆರಾಧನೆಯ ಕೊನೆಯಲ್ಲಿ ಸಣ್ಣ ಕಾರ್ಡುಗಳನ್ನು ತಟ್ಟೆಯಲ್ಲಿಟ್ಟು ಸಭೆಯವರ ಮುಂದೆ ಹಿಡಿಯುತ್ತಾರೆ, ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಂಡು, ಅದರಲ್ಲಿ ಬಂದ ವಾಕ್ಯವನ್ನು ಆ ವರ್ಷದ 'ವಾಗ್ದಾನ'ವೆಂದು, ಅಂದರೆ ದೇವರು ತಮಗೆ ಕೊಟ್ಟ ಮಾತೆಂದು, ಸತ್ಯವೇದದೊಳಗೆ ಮಡಚಿಟ್ಟುಕೊಳ್ಳುತ್ತಾರೆ.

ಓದುವ ಬಗೆಗೂ ಒಂದು ಹಳೆಯ ಶಿಸ್ತಿದೆ. 12ನೆಯ ಶತಮಾನದ ಎರಡನೆಯ ಗೀಗೊ ಎಂಬ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದ್ದಾನೆ. ಮೊದಲನೆಯದು ವಾಚನ, ಒಂದು ಚಿಕ್ಕ ಭಾಗವನ್ನು ನಿಧಾನವಾಗಿ, ಸಾಧ್ಯವಾದರೆ ದನಿಯೆತ್ತಿ ಓದುವುದು. ಎರಡನೆಯದು ಮನನ, ಮನಸ್ಸನ್ನು ತಡೆದು ನಿಲ್ಲಿಸಿದ ಮಾತನ್ನು ಮತ್ತೆ ಮತ್ತೆ ನೆನೆಯುವುದು. ಮೂರನೆಯದು ಪ್ರಾರ್ಥನೆ, ಆ ಮಾತಿಗೆ ತನ್ನ ಬಾಳಿನೊಳಗಿಂದ ಉತ್ತರ ಕೊಡುವುದು. ನಾಲ್ಕನೆಯದು ಧ್ಯಾನ, ಮಾತನ್ನು ಬಿಟ್ಟು ದೇವರ ಸನ್ನಿಧಿಯಲ್ಲಿ ಸುಮ್ಮನೆ ಕೂರುವುದು. ಗದ್ದೆ, ಅಡಿಕೆ ತೋಟ, ಶಾಲೆ, ಅಂಗಡಿಗಳ ಕೆಲಸದ ನಡುವೆ ಸಿಗುವ ಬಿಡುವು ಕಡಿಮೆಯಾದರೂ ಈ ಕ್ರಮಕ್ಕೆ ಅಡ್ಡಿಯಿಲ್ಲ, ಏಕೆಂದರೆ ಇಲ್ಲಿ ಪುಟಗಳ ಲೆಕ್ಕಕ್ಕಿಂತ ಗಮನಕ್ಕೆ ಬೆಲೆ ಹೆಚ್ಚು.

ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆ ನಡೆಯುವ ಜಪಸರದ ಪ್ರಾರ್ಥನೆಯೂ ಧರ್ಮಗ್ರಂಥದ ಮನನವೇ ಆಗಿದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಒಮ್ಮೆ, ಯೇಸುವಿನ ತಾಯಿ ಮರಿಯಮ್ಮನವರನ್ನು ಸಂಬೋಧಿಸುವ 'ನಮೋ ಮರಿಯಾ' ಜಪವನ್ನು ಹತ್ತು ಬಾರಿ ಹೇಳುವುದು ಒಂದು ಸುತ್ತಾಗಿದ್ದು, ಇಂತಹ ಐದು ಸುತ್ತುಗಳಲ್ಲಿ ಯೇಸುವಿನ ಮತ್ತು ಮರಿಯಮ್ಮನವರ ಬಾಳಿನ ಐದು ಘಟನೆಗಳನ್ನು ಕ್ರಮವಾಗಿ ನೆನೆಯಲಾಗುತ್ತದೆ. ಹರ್ಷದ, ದುಃಖದ, ಮಹಿಮೆಯ ಘಟನೆಗಳ ಮೂರು ಗುಂಪುಗಳಿಗೆ 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಬೆಳಕಿನ ಘಟನೆಗಳ ನಾಲ್ಕನೆಯ ಗುಂಪನ್ನು ಸೇರಿಸಿದರು. ಓದು ಬಾರದ ಅಜ್ಜಿಯೂ ಎಳೆಯ ಮೊಮ್ಮಗಳೂ ಒಟ್ಟಿಗೆ ಹೇಳಬಹುದಾದ ಪ್ರಾರ್ಥನೆ ಇದಾಗಿರುವುದರಿಂದ, ಅಕ್ಷರದ ಹಂಗಿಲ್ಲದೆ ಸುವಾರ್ತೆಯ ಕಥನವು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಹಾಡಿನ ಪಾಲೂ ಇದರಲ್ಲಿ ದೊಡ್ಡದು. ಕನ್ನಡ ನಿಘಂಟಿನಿಂದ ಪ್ರಸಿದ್ಧರಾದ ಫರ್ಡಿನೆಂಡ್ ಕಿಟೆಲ್ ಅವರು 1862ರಲ್ಲಿ 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಪದ್ಯಬಂಧದಲ್ಲಿ ಹೇಳಿದ್ದು ಈ ಅರಿವಿನಿಂದಲೇ.

ಅಳುವಿಗೂ ಜಾಗವಿರುವ ಗ್ರಂಥ

ಸತ್ಯವೇದದ ನಡುಭಾಗದಲ್ಲಿರುವ 'ಕೀರ್ತನೆಗಳು' ಎಂಬ ಪುಸ್ತಕವು 150 ಪ್ರಾರ್ಥನಾಗೀತೆಗಳ ಸಂಗ್ರಹವಾಗಿದ್ದು, ಯೆಹೂದ್ಯರಿಗೂ ಕ್ರೈಸ್ತರಿಗೂ ಪ್ರಾರ್ಥನೆಯ ಪಾಠಪುಸ್ತಕವಾಗಿದೆ. ಹೊಸಬರು ಇದರಲ್ಲಿ ಸ್ತುತಿಯನ್ನಷ್ಟೇ ನಿರೀಕ್ಷಿಸುತ್ತಾರೆ. ಆದರೆ ಈ ಸಂಗ್ರಹದ ಬಹುದೊಡ್ಡ ಪಾಲು ಪ್ರಲಾಪಗಳಿಂದ, ಅಂದರೆ ನೋವು, ಭಯ, ದೂರುಗಳನ್ನು ದೇವರ ಮುಂದೆ ನೇರವಾಗಿ ತೋಡಿಕೊಳ್ಳುವ ಗೀತೆಗಳಿಂದ ಕೂಡಿದೆ.

ಕೇವಲ ಆರು ವಾಕ್ಯಗಳ 13ನೆಯ ಕೀರ್ತನೆಯನ್ನು ಹತ್ತಿರದಿಂದ ನೋಡಿದರೆ ಪ್ರಲಾಪದ ಸ್ವರೂಪ ಸ್ಪಷ್ಟವಾಗುತ್ತದೆ. ಮೊದಲ ಎರಡು ವಾಕ್ಯಗಳಲ್ಲಿ ಭಕ್ತನು, ಇದು ಇನ್ನೆಷ್ಟು ಕಾಲವೆಂದು ನಾಲ್ಕು ಬಾರಿ ಕೇಳುತ್ತಾನೆ. ದೇವರು ತನ್ನನ್ನು ಮರೆತನೇ, ಮುಖ ತಿರುಗಿಸಿಕೊಂಡನೇ, ತಾನು ಹಗಲೆಲ್ಲ ಚಿಂತೆಯಲ್ಲೇ ಕಳೆಯಬೇಕೇ, ವೈರಿಯ ಕೈಯೇ ಮೇಲಾಗಿರಬೇಕೇ ಎಂದು ಕೇಳಲು ಅವನು ಅಂಜುವುದಿಲ್ಲ. ಮುಂದಿನ ಎರಡು ವಾಕ್ಯಗಳಲ್ಲಿ ದೂರು ಬೇಡಿಕೆಯಾಗಿ ಮಾರ್ಪಟ್ಟು, ಸಾವು ಕವಿಯದಂತೆ ಕಣ್ಣುಗಳಿಗೆ ಬೆಳಕು ಕೊಡೆಂದು ಮೊರೆಯಿಡುತ್ತದೆ. ಕೊನೆಯ ಎರಡು ವಾಕ್ಯಗಳಲ್ಲಿ ಅವನು ದೇವರ ಪ್ರೀತಿಯನ್ನು ನೆಚ್ಚಿ ಹಾಡುವ ನಿರ್ಧಾರಕ್ಕೆ ಬರುತ್ತಾನೆ. ಇಷ್ಟರಲ್ಲಿ ವೈರಿ ಸೋತನೆಂದಾಗಲಿ ಕಷ್ಟ ಕಳೆಯಿತೆಂದಾಗಲಿ ಗೀತೆಯಲ್ಲಿ ಎಲ್ಲಿಯೂ ಹೇಳಿಲ್ಲ. ಹೊರಗಿನ ಪರಿಸ್ಥಿತಿ ಇದ್ದಂತೆಯೇ ಇರುವಾಗ, ಮನಸ್ಸು ತನ್ನ ನೋವನ್ನು ಮುಚ್ಚಿಡದೆ ಆಡಿ ಮುಗಿಸಿದ್ದರಿಂದಲೇ ಭರವಸೆಯ ಮಾತಿಗೆ ಎಡೆ ದೊರೆಯಿತೆಂಬುದು ಈ ರಚನೆಯಿಂದ ತಿಳಿಯುತ್ತದೆ. 88ನೆಯ ಕೀರ್ತನೆಯಂತೂ ಅಷ್ಟು ದೂರವೂ ಹೋಗದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡ ಪರಂಪರೆಯು, ಭರವಸೆಯ ಮಾತು ಬಾಯಿಗೆ ಬಾರದ ದಿನವೂ ಪ್ರಾರ್ಥನೆಯ ದಿನವೇ ಎಂದು ನೊಂದವರಿಗೆ ಹೇಳುತ್ತದೆ.

ಮಳೆ ಕೈಕೊಟ್ಟಾಗ, ಅಡಿಕೆಗೆ ಕೊಳೆರೋಗ ತಗಲಿದಾಗ, ಸಾಲದ ಕಂತು ಎದುರು ನಿಂತಾಗ, ಮಗ ಪರೀಕ್ಷೆಯಲ್ಲಿ ಸೋತು ಊಟ ಬಿಟ್ಟು ಕೂತಾಗ ಎಲ್ಲ ಸರಿಹೋಗುತ್ತದೆಂಬ ಬರಿಯ ಮಾತು ಎದೆಗೆ ಇಳಿಯುವುದಿಲ್ಲ. ತನ್ನಂತೆಯೇ ಸಂಕಟಪಟ್ಟವರು ಹಿಂದೆಯೂ ಇದ್ದರು, ಅವರ ದನಿಯನ್ನು ದೇವರು ತಳ್ಳಿಹಾಕಲಿಲ್ಲ ಎಂಬ ಅರಿವು ಮಾತ್ರ ಅಂಥ ಹೊತ್ತಿನಲ್ಲಿ ಆಸರೆಯಾಗಬಲ್ಲದು.

ಮಾತಿಗಿಂತ ಮೊದಲು ರೊಟ್ಟಿ

ಹತಾಶೆಗೆ ಸತ್ಯವೇದವು ಕೊಡುವ ಚಿಕಿತ್ಸೆಯನ್ನು 'ಅರಸುಗಳು' ಎಂಬ ಪುಸ್ತಕದ ಮೊದಲ ಭಾಗದ 19ನೆಯ ಅಧ್ಯಾಯ ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ದೊಡ್ಡ ಗೆಲುವೊಂದರ ಬೆನ್ನಲ್ಲೇ ರಾಣಿಯ ಕೊಲೆಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿದ ಪ್ರವಾದಿ ಎಲೀಯನು, ಒಂದು ಪೊದೆಯ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡಿ ನಿದ್ದೆಹೋಗುತ್ತಾನೆ. ದೇವದೂತನು ಅವನಿಗೆ ಉಪದೇಶ ಮಾಡದೆ, ಗದರಿಸದೆ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ಪಾತ್ರೆ ನೀರನ್ನೂ ತಲೆಯ ಬಳಿ ಇಟ್ಟು ಎಬ್ಬಿಸುತ್ತಾನೆ. ಉಂಡು ಕುಡಿದು ಮತ್ತೆ ಮಲಗಿದವನನ್ನು ಎರಡನೆಯ ಬಾರಿಯೂ ಹಾಗೆಯೇ ಎಬ್ಬಿಸಿ ಉಣಿಸುತ್ತಾನೆ. ದೇವರ ಮೆಲುದನಿ ಅವನಿಗೆ ಕೇಳಿಸುವುದು ಇಷ್ಟೆಲ್ಲ ಆದ ಮೇಲೆ, ನಲವತ್ತು ದಿನಗಳ ನಡಿಗೆಯ ಕೊನೆಯಲ್ಲಿ. ಅನಂತರ ಎಲೀಷನೆಂಬ ಜೊತೆಗಾರನೂ ಅವನಿಗೆ ದೊರೆಯುತ್ತಾನೆ. ಅನ್ನ, ನಿದ್ದೆ, ನಡಿಗೆ, ಮೌನ, ಒಡನಾಡಿ ಎಂಬ ಈ ಕ್ರಮವು ದೇಹವನ್ನು ಕಡೆಗಣಿಸಿ ಮನಸ್ಸನ್ನು ಎತ್ತಲಾಗದೆಂಬ ವಿವೇಕವನ್ನು ಒಳಗೊಂಡಿದೆ.

ಆದ್ದರಿಂದ ತೀವ್ರ ಖಿನ್ನತೆಯಲ್ಲಿರುವವರಿಗೆ ವೈದ್ಯರನ್ನು ಕಾಣುವುದು ವಿಶ್ವಾಸದ ಕೊರತೆಯ ಗುರುತಲ್ಲ. ಸುವಾರ್ತೆಗಳಲ್ಲೊಂದನ್ನು ಬರೆದನೆಂದು ಪರಂಪರೆ ಹೇಳುವ ಲೂಕನನ್ನು ಆದಿಸಭೆಯ ಬೋಧಕ ಪೌಲನ ಪತ್ರವೊಂದು ವೈದ್ಯನೆಂದೇ ಪ್ರೀತಿಯಿಂದ ಕರೆಯುತ್ತದೆ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಬಹುದಾಗಿದ್ದು, ಪ್ರಾರ್ಥಿಸುವವರೂ ಆ ನೆರವನ್ನು ಸಂಕೋಚವಿಲ್ಲದೆ ಪಡೆಯಬಹುದು.

ಬೇಡಿದ್ದೆಲ್ಲ ದೊರೆಯುತ್ತದೆಂದೂ ಈ ಗ್ರಂಥ ಹೇಳುವುದಿಲ್ಲ. ಬಂಧನದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೂರು ಬಾರಿ ಪ್ರಾರ್ಥಿಸುತ್ತಾನೆ; ಯಾತನೆಯ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿದರೂ ತಂದೆಯ ಚಿತ್ತವೇ ನೆರವೇರಲೆಂದು ತನ್ನನ್ನು ಒಪ್ಪಿಸಿಕೊಡುತ್ತಾನೆ; ಮರುದಿನ ಶಿಲುಬೆ ತಪ್ಪಲಿಲ್ಲ. ಪೌಲನೂ ತನ್ನ ಶರೀರದಲ್ಲಿದ್ದ ಒಂದು ಬಾಧೆಯನ್ನು ತೆಗೆದುಹಾಕೆಂದು ಮೂರು ಬಾರಿ ಬೇಡಿದ್ದಾಗಿಯೂ, ಬಾಧೆ ಹೋಗದೆ ಅದನ್ನು ತಾಳುವ ಕೃಪೆ ದೊರೆತದ್ದಾಗಿಯೂ ಕೊರಿಂಥದವರಿಗೆ ಬರೆಯುತ್ತಾನೆ. ಬೇಡಿಕೆ ಈಡೇರದಿದ್ದಾಗಲೂ ಬೇಡುವವನು ಒಂಟಿಯಾಗುವುದಿಲ್ಲ ಎಂಬುದು ಕ್ರೈಸ್ತ ಪ್ರಾರ್ಥನೆಯ ತಿರುಳಾಗಿದೆ.

ವಾಗ್ದಾನದ ಪೂರ್ಣ ಪುಟ

ವಾಗ್ದಾನದ ಕಾರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಬೆಳಗಿನ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯಗಳಲ್ಲಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯದೂ ಒಂದು. ದೇವರ ಯೋಜನೆ ಕೇಡಿನದ್ದಲ್ಲ, ಒಳ್ಳೆಯ ನಾಳೆಯದು ಎಂಬ ಅದರ ಆಶಯ ಕೆಲಸ ಹುಡುಕುವ ಯುವಕನಿಗೂ ಮಗಳ ಮದುವೆಯ ಚಿಂತೆಯಲ್ಲಿರುವ ತಾಯಿಗೂ ಹಿತವಾಗುತ್ತದೆ. ಆದರೆ ಅಧ್ಯಾಯವನ್ನು ಪೂರ್ತಿಯಾಗಿ ಓದಿದಾಗ, ಅದು ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟ ಜನರಿಗೆ ಪ್ರವಾದಿ ಬರೆದ ಪತ್ರವೆಂದು ತಿಳಿಯುತ್ತದೆ. ಬಿಡುಗಡೆಗೆ ಎಪ್ಪತ್ತು ವರ್ಷ ಕಾಯಬೇಕೆಂದು ಹಿಂದಿನ ವಾಕ್ಯವೇ ಹೇಳುತ್ತದೆ. ಅಲ್ಲಿಯವರೆಗೆ ಪರದೇಶದಲ್ಲೇ ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ಉಣ್ಣಿರಿ, ಮದುವೆಗಳನ್ನು ನಡೆಸಿರಿ, ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿರಿ ಎಂಬ ಅರ್ಥದ ಸೂಚನೆಗಳು ಅದಕ್ಕೂ ಮೊದಲು ಬರುತ್ತವೆ.

ಈ ಹಿನ್ನೆಲೆಯಲ್ಲಿ ವಾಗ್ದಾನದ ತೂಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಂಟಿ ವಾಕ್ಯವು ಬೇಗನೆ ಬರಲಿರುವ ಅದೃಷ್ಟದ ಸೂಚನೆಯಂತೆ ಕಂಡರೆ, ಪೂರ್ಣ ಪುಟವು ತಡವಾಗಿ ಬರುವ ಒಳಿತಿಗಾಗಿ ಇಂದಿನ ಕೆಲಸವನ್ನು ಬಿಡದೆ ಮಾಡುವ ಸ್ಥೈರ್ಯವನ್ನು ಕಲಿಸುತ್ತದೆ. ವಾಕ್ಯವನ್ನು ತಾಯಿತದಂತೆ ಧರಿಸಿದವನು ಅದು ಫಲಿಸದಿದ್ದಾಗ ದೇವರನ್ನೇ ಸಂಶಯಿಸತೊಡಗಬಹುದು. ಅಧ್ಯಾಯವನ್ನು ಓದಿದವನಿಗೆ ಕಾಯುವಿಕೆಯೂ ವಾಗ್ದಾನದ ಭಾಗವೆಂದು ಮೊದಲೇ ತಿಳಿದಿರುತ್ತದೆ. ಕೈಗೆ ಬಂದ ಕಾರ್ಡನ್ನು ಮಡಚಿಡುವ ಮುನ್ನ ಆ ಅಧ್ಯಾಯವನ್ನೊಮ್ಮೆ ತೆರೆದು ಓದುವ ರೂಢಿಯನ್ನು ಪ್ರತಿ ಮನೆಯೂ ಬೆಳೆಸಿಕೊಂಡರೆ ಆ ಒಳ್ಳೆಯ ಸಂಪ್ರದಾಯ ಇನ್ನಷ್ಟು ಗಟ್ಟಿಯಾಗುತ್ತದೆ.

ಒಬ್ಬರಿಂದೊಬ್ಬರಿಗೆ

ಸಂತೋಷದ ಪತ್ರವೆಂದು ಹೆಸರಾದ ಪತ್ರವನ್ನು ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಸೆರೆಮನೆಯಿಂದ ಬರೆದನು. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ಕೃತಜ್ಞತೆಯೊಡನೆ ದೇವರಿಗೆ ಅರಿಕೆಮಾಡಬೇಕೆಂದು ಹೇಳುವ ಅದೇ ಪತ್ರದಲ್ಲಿ, ತನ್ನ ಸಂಕಟದಲ್ಲಿ ಪಾಲುಗೊಂಡು ನೆರವು ಕಳುಹಿಸಿದ ಫಿಲಿಪ್ಪಿಯವರನ್ನು ಅವನು ಮನಸಾರೆ ನೆನೆಯುತ್ತಾನೆ. ಪ್ರಾರ್ಥನೆಯಿಂದ ದೊರೆಯುವ ಸಮಾಧಾನ ಮತ್ತು ಸ್ನೇಹಿತರ ಕೈಯಿಂದ ಬರುವ ನೆರವು ಇಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ.

ಕನ್ನಡ ಸಭೆಗಳ 'ಮನೆಪ್ರಾರ್ಥನೆ'ಯಲ್ಲಿ ಇದರ ಜೀವಂತ ರೂಪವನ್ನು ಕಾಣಬಹುದು. ವಾರಕ್ಕೊಮ್ಮೆ ಒಂದು ಮನೆಯಲ್ಲಿ ಚಾಪೆ ಹಾಸಿ ನೆರೆಯುವ ಐದಾರು ಕುಟುಂಬಗಳು ಹಾಡೊಂದನ್ನು ಹಾಡಿ, ಸತ್ಯವೇದದ ಭಾಗವನ್ನು ಓದಿ, ಅದರ ಅರ್ಥವನ್ನು ಸಭಾಪಾಲಕರಿಂದಲೋ ಹಿರಿಯರಿಂದಲೋ ಕೇಳುತ್ತವೆ. ಬಳಿಕ 'ಪ್ರಾರ್ಥನಾ ವಿಷಯಗಳು' ಏನಿವೆಯೆಂದು ವಿಚಾರಿಸಿದಾಗ, ಯಾರ ಶಸ್ತ್ರಚಿಕಿತ್ಸೆ ಹತ್ತಿರವಿದೆ, ಯಾರ ಮನೆಯಲ್ಲಿ ಕೆಲಸ ಹೋಗಿದೆ, ಯಾರು ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಒಂದೊಂದಾಗಿ ಹೊರಬರುತ್ತದೆ. ಅವುಗಳಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿದವರು ಮರುದಿನ ಆಸ್ಪತ್ರೆಗೆ ಬುತ್ತಿ ಒಯ್ಯದೆ ಇರಲಾರರು. ಇತರರಿಗಾಗಿ ಮಾಡುವ ಈ ವಿಜ್ಞಾಪನೆಯಿಂದ ಪ್ರಾರ್ಥಿಸುವವರ ಮನಸ್ಸೂ ತನ್ನ ಒಂದೇ ಚಿಂತೆಯ ಸುತ್ತ ಸುಳಿಯುವುದನ್ನು ಬಿಟ್ಟು ಹಗುರಾಗುತ್ತದೆ.

ಹಬ್ಬಗಳು ಈ ಹಂಚಿಕೆಯನ್ನು ಊರಿಗೆಲ್ಲ ತಲುಪಿಸುತ್ತವೆ. ಕರಾವಳಿಯಿಂದ ಮಲೆನಾಡಿಗೆ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ತೆನೆ ಹಬ್ಬವನ್ನು ಆಚರಿಸುತ್ತಾರೆ. ಮಕ್ಕಳು ಒಂಬತ್ತು ದಿನ ಹೂವು ಅರ್ಪಿಸಿದ ಬಳಿಕ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಹಂಚಲಾಗುತ್ತದೆ. ಮನೆಯಲ್ಲಿ ಆ ತೆನೆಯ ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮುಗಿಸಿ, ಎಲ್ಲರೂ ಕೂಡಿ ಸಸ್ಯಾಹಾರದ ಊಟ ಮಾಡುತ್ತಾರೆ. ಅದೇ ದಿನ ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ನಾನಾ ಮತಗಳ ಜನರು ತಮ್ಮ ತಮ್ಮ ಹರಕೆಗಳೊಡನೆ ಬಂದು ಸೇರುತ್ತಾರೆ. ಭತ್ತವನ್ನೇ ನಂಬಿದ ಈ ಸೀಮೆಯಲ್ಲಿ ಹೊಸ ಬೆಳೆಗೆ ಕೃತಜ್ಞತೆ ಸಲ್ಲಿಸುವ ಭಾವ ಯಾರಿಗೂ ಹೊರಗಿನದಲ್ಲ.

ಈ ಓದನ್ನು ಆರಂಭಿಸಬಯಸುವವರಿಗೆ ದೊಡ್ಡ ಸಿದ್ಧತೆ ಬೇಕಿಲ್ಲ. ಹದಿನಾರೇ ಅಧ್ಯಾಯಗಳ ಮಾರ್ಕನ ಸುವಾರ್ತೆಯನ್ನು ದಿನಕ್ಕೊಂದು ಅಧ್ಯಾಯದಂತೆ ಓದುವುದು, ಅದರ ಜೊತೆಗೆ ಒಂದೊಂದು ಕೀರ್ತನೆಯನ್ನು ಸೇರಿಸಿಕೊಳ್ಳುವುದು, ಓದಿನ ಕೊನೆಗೆ ತನಗಾಗಿ ಒಂದು ಮಾತನ್ನೂ ಇನ್ನೊಬ್ಬರಿಗಾಗಿ ಒಂದು ಮಾತನ್ನೂ ಪ್ರಾರ್ಥಿಸುವುದು, ಇಷ್ಟರಿಂದಲೇ ಅಭ್ಯಾಸ ಬೇರೂರುತ್ತದೆ. ಕಣ್ಣು ಮಂಜಾದವರಿಗೆ ಮನೆಯ ಮಕ್ಕಳು ಓದಿ ಹೇಳಬಹುದು, ಇಲ್ಲವೇ ಮೊಬೈಲಿನಲ್ಲಿ ದೊರೆಯುವ ಕನ್ನಡ ವಾಚನವನ್ನು ಕೇಳಿಸಬಹುದು. ಓದು ತಪ್ಪಿಹೋದ ದಿನಗಳಿಗಾಗಿ ಕೊರಗದೆ ಮರುದಿನ ಮತ್ತೆ ಪುಸ್ತಕ ತೆರೆಯುವುದೂ ವಿಶ್ವಾಸದ ಕ್ರಿಯೆಯೇ ಆಗಿದೆ. ಧೈರ್ಯವನ್ನು ಕಷ್ಟ ಬಂದ ದಿನ ಹುಡುಕಿದರೆ ಸಿಗುವುದು ವಿರಳ. ಕಷ್ಟವಿಲ್ಲದ ಸಾಮಾನ್ಯ ದಿನಗಳಲ್ಲಿ ಓದಿ, ನೆನೆದು, ಹಂಚಿಕೊಂಡದ್ದೇ ಆ ದಿನ ನೆರವಿಗೆ ಬರುತ್ತದೆ. ಹೀಗೆ ಬಂದ ಧೈರ್ಯದ ನಿಜವಾದ ಗುರುತೆಂದರೆ, ಅದು ಪಡೆದವರಲ್ಲೇ ಉಳಿಯದೆ ಪಕ್ಕದ ಮನೆಯ ಸಂಕಟಕ್ಕೂ ಒದಗುವುದು.